ಆರು ನೆರಿಗೆಯ ಹಕಾಮಾ

ಕಳೆದ ತಿಂಗಳು ಮಂಗಳೂರಿನ ಒಂದು ಬಟ್ಟೆ ಅಂಗಡಿಯಲ್ಲಿ ಹೆಂಡತಿ ಜೆಸ್ಸಿಗೆ ಕೈಮಗ್ಗದ ಸೀರೆ ನೋಡುತ್ತಿದ್ದೆವು. ಅಂಗಡಿಯ ಹುಡುಗಿ ಕಡುನೀಲಿ ಸೀರೆಯೊಂದರ ಮಡಿಕೆ ಬಿಚ್ಚಿದಳು. ಒದ್ದೆ ಮಣ್ಣಿಗೆ ಒಂದಿಷ್ಟು ಹುಳಿ ಬೆರೆತಂಥ ವಾಸನೆ ಮೂಗಿಗೆ ಬಂತು. ಗಿಡದಿಂದ ತೆಗೆದ ನೀಲಿಗೆ ಮಾತ್ರ ಇರುವ ವಾಸನೆ ಅದು. ಇದು ಮೊದಲ ನಾಲ್ಕೈದು ಒಗೆತಕ್ಕೆ ಬಣ್ಣ ಬಿಡುತ್ತದೆ, ಬೇರೆ ಬಟ್ಟೆಯ ಜತೆ ಹಾಕಬಾರದೆಂದು ಗಿರಾಕಿಗಳಿಗೆ ಹೇಳುತ್ತೀರಾ ಎಂದು ಕೇಳಿದೆ. ಬಣ್ಣಕ್ಕೆ ಗ್ಯಾರಂಟಿ ಉಂಟು ಎಂದಳು ಹುಡುಗಿ. ನಾನು ಬಾಯಿ ತೆರೆಯುವಷ್ಟರಲ್ಲಿ ಜೆಸ್ಸಿ ನನ್ನ ತೋಳು ಚಿವುಟಿದಳು. ಇಪ್ಪತ್ತೆರಡು ವರ್ಷ ಲಾಂಡ್ರಿಯಲ್ಲಿ ದುಡಿದವನ ಜತೆ ಬಟ್ಟೆ ಅಂಗಡಿಗೆ ಬರುವ ಕಷ್ಟ ಅವಳಿಗೇ ಗೊತ್ತು. ಸೀರೆ ಕೊಂಡೆವು. ಆದರೆ ಆ ದಿನ ಪೂರ್ತಿ ನಾನು ಮನೆಯಲ್ಲಿದ್ದರೂ ಇಲ್ಲದವನ ಹಾಗೆ ಇದ್ದೆ. ಮನಸ್ಸು 2014ರ ದುಬೈಯಲ್ಲಿತ್ತು.

ಆಗ ನಮ್ಮ ಮನೆ ದೇರಾದಲ್ಲಿ. ಮನೆ ಎಂದರೆ ಶಿರ್ವದ ಒಂದು ಕುಟುಂಬದ ಜತೆ ಹಂಚಿಕೊಂಡ ಫ್ಲ್ಯಾಟಿನ ಒಂದು ಕೋಣೆ. ಅದರಲ್ಲಿ ನಾನು, ಜೆಸ್ಸಿ ಮತ್ತು ಹತ್ತು ವರ್ಷದ ಮಗಳು ಶೆರಲ್. ಅಲ್ಲಿಂದ ಹದಿನೈದು ನಿಮಿಷ ನಡೆದರೆ ಅಲ್ ಮುರಕ್ಕಬಾತಿನ ಹೊಟೇಲು, ಅದರ ನೆಲಮಾಳಿಗೆಯಲ್ಲಿ ಲಾಂಡ್ರಿ. ನಾನು ಅಲ್ಲಿಯ ಸೂಪರ್‌ವೈಸರ್. ಕಿಟಕಿಯೇ ಇಲ್ಲದ ಆ ಜಾಗದಲ್ಲಿ ಹೊರಗಿನ ಹವೆ ನಮಗೆ ತಿಳಿಯುತ್ತಿದ್ದದ್ದು ಬಟ್ಟೆಗಳಿಂದ. ಪ್ಯಾಂಟಿನ ಅಂಚಿನಲ್ಲಿ ಮರಳು ಬಂದರೆ ಚಳಿಗಾಲ, ಪ್ರವಾಸಿಗಳು ಮರುಭೂಮಿ ಸುತ್ತುತ್ತಿದ್ದಾರೆ. ಪರದೆಗಳ ತುದಿ ಕಂದು ಬಣ್ಣಕ್ಕೆ ತಿರುಗಿದರೆ ಧೂಳುಗಾಳಿ. ಅಂಗಿಯ ಕಾಲರು ಗಟ್ಟಿಯಾಗಿ ಬಂದರೆ ಜೂನ್. ಕೆಳಗೆ ನಮಗೆ ಮಾತ್ರ ವರ್ಷವಿಡೀ ಒಂದೇ ಹವೆ, ಬಿಸಿ ಹಬೆ. ನನ್ನ ಸಿಟ್ಟಿಗೂ ಹಾಗೇ ಋತುಮಾನ ಇರಲಿಲ್ಲ. ಹುಡುಗರು ಬೆನ್ನ ಹಿಂದೆ ನನ್ನನ್ನು ಬಾಯ್ಲರ್ ಎಂದು ಕರೆಯುತ್ತಿದ್ದರು. ನನಗದು ಗೊತ್ತಿತ್ತು, ಒಳಗೊಳಗೇ ಸ್ವಲ್ಪ ಹೆಮ್ಮೆಯೂ ಇತ್ತು.

ದೊಡ್ಡ ವಾಷಿಂಗ್ ಮೆಷಿನ್‌ಗಳನ್ನು ನೋಡಿಕೊಳ್ಳುತ್ತಿದ್ದವರು ಶೇಖರಣ್ಣ. ಬೆಳುವಾಯಿಯ ಕಡೆಯವರು, ನನಗಿಂತ ಹತ್ತು ವರ್ಷ ಹಿರಿಯರು. ಅವರ ಅಪ್ಪ, ಅಜ್ಜ ಊರಿನ ಮನೆಗಳಿಗೆ ಬಟ್ಟೆ ಒಗೆದು ಕೊಡುತ್ತಿದ್ದ ಮಡಿವಾಳರು. ಕಲೆಯನ್ನು ಮೂಸಿ ನೋಡಿ ಅದು ದಾಳಿಂಬೆಯದೋ ಬೀಟ್‌ರೂಟಿನದೋ ಎಂದು ಹೇಳಬಲ್ಲವರು ನಮ್ಮಲ್ಲಿ ಅವರೊಬ್ಬರೇ. ಎಲ್ಲರೆದುರು ನನ್ನನ್ನು ಸಾರ್ ಎನ್ನುತ್ತಿದ್ದರು. ನಾವಿಬ್ಬರೇ ಇದ್ದಾಗ ತುಳುವಿನಲ್ಲಿ ಮಾತು, ಆಗ ನಾನು ‘ಪೊರ್ಬುಲು’. ನಮ್ಮ ಕಡೆ ತುಳುವರು ಕೊಂಕಣಿ ಕ್ರೈಸ್ತರನ್ನು ಮರ್ಯಾದೆಯಿಂದ ಕರೆಯುವುದು ಹಾಗೆ.

ಆ ಜನವರಿಯ ಒಂದು ಬುಧವಾರ ಬೆಳಿಗ್ಗೆ ದಟ್ಟ ಮಂಜು. ಸಂಜೆಗೆ ಹೊಟೇಲಿನಲ್ಲಿ ಮದುವೆ. ಅದಕ್ಕೆಂದು ತರಿಸಿದ ಮುನ್ನೂರು ಹೊಸ ಬಿಳಿ ನ್ಯಾಪ್ಕಿನ್‌ಗಳನ್ನು ಒಮ್ಮೆ ನೀರಿಗೆ ಹಾಕಿ ಇಸ್ತ್ರಿ ಮಾಡಬೇಕಿತ್ತು. ಅತಿಥಿಗಳ ಬಟ್ಟೆಗೆಂದು ಬೇರೆಯೇ ಇದ್ದ ಸಣ್ಣ ಮೆಷಿನ್ ಅವತ್ತೇ ಬೆಲ್ಟ್ ಕಡಿದುಕೊಂಡು ಕುಳಿತಿತ್ತು. ಅಷ್ಟರಲ್ಲಿ ಮೇಲಿನಿಂದ ಒಂದು ಚೀಲ ಬಂತು. ತಿಂಗಳುಗಟ್ಟಲೆ ನಮ್ಮಲ್ಲೇ ಉಳಿದಿದ್ದ ಜಪಾನಿ ಎಂಜಿನಿಯರರ ಬಟ್ಟೆ, ಸಂಜೆಯೊಳಗೆ ಬೇಕಂತೆ. ಒಳಗೆ ದಪ್ಪ ನೂಲಿನ ಒಂದು ಅಂಗಿ, ಲಂಗದಷ್ಟು ಅಗಲದ ಒಂದು ಪಾಯಿಜಾಮ. ಎರಡೂ ಕಡುನೀಲಿ, ಎರಡೂ ಹೊಸವು. ಶೇಖರಣ್ಣ ಮೂಸಿ ನೋಡಿದರು, ಉಗುರಿನಿಂದ ಕೆರೆದು ನೋಡಿದರು. ಉಗುರು ನೀಲಿಯಾಯಿತು.

“ಇದು ಬಣ್ಣ ಬಿಡ್ತದೆ ಪೊರ್ಬುಲೇ. ಇವತ್ತು ಬೇಡ. ನಾಳೆ ಕೈಯಲ್ಲಿ ಒಗೆದು ಕೊಡ್ತೇನೆ” ಎಂದರು, ನನಗಷ್ಟೇ ಕೇಳುವಂತೆ ತುಳುವಿನಲ್ಲಿ.

ಅವರು ಹೇಳಿದ್ದು ಸರಿ ಎಂದು ಆ ಉಗುರು ನೋಡಿದಾಗಲೇ ನನಗೆ ಗೊತ್ತಾಗಿತ್ತು. ಆದರೆ ಬೆಳಗಿನಿಂದ ಮೂರು ಸಲ ಮ್ಯಾನೇಜರ್ ಫೋನ್ ಮಾಡಿದ್ದ, ತಲೆ ಬಿಸಿಯಾಗಿತ್ತು, ಸುತ್ತ ಏಳೆಂಟು ಜನ ನಿಂತು ನೋಡುತ್ತಿದ್ದರು. ನ್ಯಾಪ್ಕಿನ್ ಜತೆಗೇ ಹಾಕಿ ಎಂದೆ. ಅವರು ಕದಲಲಿಲ್ಲ. ಆಗ ನಾನು, ಎಲ್ಲರಿಗೂ ಅರ್ಥವಾಗಲಿ ಎಂದೇ ಹಿಂದಿಯಲ್ಲಿ, ನಿಮ್ಮಪ್ಪ ಹೊಳೆಯ ಕಲ್ಲಿಗೆ ಬಟ್ಟೆ ಬಡಿದ ಬುದ್ಧಿ ಇಲ್ಲಿ ತೋರಿಸಬೇಡಿ, ಇದು ಹೊಟೇಲು ಎಂದೆ. ಬರೆಯುವಾಗ ಈಗಲೂ ಕೈ ಹಿಂಜರಿಯುತ್ತದೆ. ಶೇಖರಣ್ಣ ಬಟ್ಟೆ ಎತ್ತಿ ಮೆಷಿನ್ನಿಗೆ ಹಾಕಿ ಬಾಗಿಲು ಮುಚ್ಚಿದರು.

ಮುನ್ನೂರು ನ್ಯಾಪ್ಕಿನ್‌ಗಳೂ ಆಕಾಶದ ಬಣ್ಣಕ್ಕೆ ಬಂದವು. ಸಾಲದ್ದಕ್ಕೆ, ಇಸ್ತ್ರಿಯವರು ಆ ಅಗಲದ ಪಾಯಿಜಾಮವನ್ನು ಹೆಂಗಸರ ಲಂಗವೆಂದು ತಿಳಿದು, ಅದರ ನೆರಿಗೆಗಳನ್ನೆಲ್ಲ ಹಬೆ ಕೊಟ್ಟು ಬಿಡಿಸಿ ಚಪ್ಪಟೆ ಮಾಡಿ ಹ್ಯಾಂಗರಿಗೆ ಹಾಕಿದ್ದರು. ಮದುವೆಗೆ ಪಕ್ಕದ ಹೊಟೇಲಿನಿಂದ ನ್ಯಾಪ್ಕಿನ್ ಎರವಲು ತಂದದ್ದಾಯಿತು. ಮರುದಿನ ಹೌಸ್‌ಕೀಪಿಂಗ್ ಮ್ಯಾನೇಜರ್ ತಾರಿಕ್ ಕೆಳಗಿಳಿದು ಬಂದ. ಈಜಿಪ್ಟಿನವನು, ನ್ಯಾಯವಂತನೇ, ಆದರೆ ಕಾಗದದಲ್ಲಿ ಇದ್ದದ್ದನ್ನು ಮಾತ್ರ ನಂಬುವವನು. ಮೆಷಿನ್ ಪಟ್ಟಿಯಲ್ಲಿ ಶೇಖರಣ್ಣನ ಸಹಿ ಇತ್ತು. ಯಾರು ಹಾಕಿದ್ದು ಎಂದು ಕೇಳಿದ.

“ಹಾಕಿದ್ದು ನಾನೇ ಸಾರ್” ಎಂದರು ಶೇಖರಣ್ಣ.

ಸುಳ್ಳೇನಲ್ಲ. ಹಾಕಿಸಿದವನು ನಾನು, ಪಕ್ಕದಲ್ಲೇ ನಿಂತಿದ್ದೆ, ಡ್ರೈಯರಿನ ಗಡಿಯಾರ ನೋಡುತ್ತಾ. ಕೆಲಸಗಾರರ ಮೇಲೆ ಕೂಗಾಡಿದ್ದಕ್ಕೆ ಹಿಂದಿನ ವರ್ಷವೇ ನನಗೊಂದು ವಾರ್ನಿಂಗ್ ಲೆಟರ್ ಸಿಕ್ಕಿತ್ತು. ಇನ್ನೊಂದು ಬಂದರೆ ಸೂಪರ್‌ವೈಸರ್ ಪಟ್ಟ ಹೋಗುತ್ತಿತ್ತು. ಪಟ್ಟ ಹೋದರೆ ಸಂಬಳ ಇಳಿದು, ಹೆಂಡತಿ ಮಗಳಿಗೆ ಫ್ಯಾಮಿಲಿ ವೀಸಾ ಸಿಗುವ ಮಟ್ಟಕ್ಕಿಂತ ಕೆಳಗೆ ಹೋಗುತ್ತಿತ್ತು. ಶೆರಲ್‌ಳ ಶಾಲೆ, ಜೆಸ್ಸಿಯ ಕ್ಲಿನಿಕ್ಕಿನ ಕೆಲಸ, ಎಲ್ಲ ಆ ಗಡಿಯಾರದ ಮುಳ್ಳಿನ ಮೇಲೆ ಕಂಡವು. ಬಾಯಿಗೆ ಬೀಗ ಬಿತ್ತು. ವಾರ್ನಿಂಗ್ ಲೆಟರ್ ಶೇಖರಣ್ಣನ ಹೆಸರಿಗೆ ಹೋಯಿತು. ಅವರ ಕರಾರು ಜೂನಿಗೆ ಮುಗಿಯುವುದಿತ್ತು. ಈ ಲೆಟರ್ ಇದ್ದರೆ ಮುಂದುವರಿಸುವುದಿಲ್ಲ, ಜೂನಿಗೆ ಖಲಾಸ್ ಎಂದು ತಾರಿಕ್ ಹೇಳಿ ಹೋದ. ಶೇಖರಣ್ಣನ ಎರಡನೇ ಮಗಳು ಮಂಗಳೂರಿನಲ್ಲಿ ನರ್ಸಿಂಗ್ ಓದುತ್ತಿದ್ದಳು, ಇನ್ನೂ ಒಂದೂವರೆ ವರ್ಷ ಬಾಕಿ ಇತ್ತು. ಅದೂ ನನಗೆ ಗೊತ್ತಿತ್ತು.

ಜಪಾನಿ ಅತಿಥಿ ದೂರು ಬರೆಯದಂತೆ ನೋಡಿಕೊಳ್ಳಬೇಕಿತ್ತು. ಹಾಳಾದ ಬಟ್ಟೆ ಹಿಡಿದು ನಾನೇ ಅವರ ಕೋಣೆಗೆ ಹೋದೆ. ಮೊರಿಶಿತಾ ಎಂದು ಹೆಸರು, ಅರವತ್ತು ದಾಟಿದ್ದರು. ಅಬುಧಾಬಿಯಲ್ಲಿ ಸಮುದ್ರದ ನೀರನ್ನು ಸಿಹಿ ಮಾಡುವ ಸ್ಥಾವರದಲ್ಲಿ ಅವರ ಕೆಲಸ, ವಾರಕ್ಕೆರಡು ದಿನ ಅಲ್ಲಿಗೆ ಹೋಗಿ ಬರುತ್ತಿದ್ದರು. ನಾನು ಕಲಿತಿದ್ದ ಕ್ಷಮೆಯ ಇಂಗ್ಲಿಷನ್ನೆಲ್ಲ ಒಪ್ಪಿಸಿದೆ. ಅವರು ಹ್ಯಾಂಗರಿನ ಮೇಲಿದ್ದ ಚಪ್ಪಟೆ ಬಟ್ಟೆಯನ್ನು ಸ್ವಲ್ಪ ಹೊತ್ತು ನೋಡಿದರು. ಆಮೇಲೆ ನಕ್ಕರು. ಅದನ್ನು ನೆಲದ ಮೇಲೆ ಹಾಸಿ, ಮಂಡಿಯೂರಿ, ಬೆರಳಿನಿಂದ ಒಂದೊಂದೇ ನೆರಿಗೆ ಕೂಡಿಸತೊಡಗಿದರು. ಇದರ ಹೆಸರು ಹಕಾಮಾ, ಕತ್ತಿವರಸೆಗೆ ಉಡುವುದು ಎಂದರು. ಮುಂದೆ ಐದು ನೆರಿಗೆ: ಕರುಣೆ, ನ್ಯಾಯ, ವಿನಯ, ವಿವೇಕ, ನಂಬಿಕೆ. ಹಿಂದೆ ಒಂದೇ ಒಂದು. ಅದು ಎರಡು ಮನಸ್ಸಿಲ್ಲದ್ದು ಎಂದರು. ಉಟ್ಟವನಿಗೆ ಅದು ಕಾಣುವುದಿಲ್ಲ.

ಇದಕ್ಕಾಗಿ ಯಾರಿಗೂ ಶಿಕ್ಷೆ ಬೇಡ ಎಂದೂ ಹೇಳಿದರು. ಇಲ್ಲ ಇಲ್ಲ ಎಂದೆ. ನೆರಿಗೆಗಳನ್ನು ನಾವೇ ಸರಿಮಾಡಿ ಕೊಡುತ್ತೇವೆ ಎಂದಾಗ, ಹಾಗಾದರೆ ಮೊದಲು ಮಡಿಸಲು ಕಲಿಯಬೇಕು, ಶುಕ್ರವಾರ ಬಾ ಎಂದು ಊದ್ ಮೇಥಾದ ಶಾಲೆಯೊಂದರ ಸಭಾಂಗಣದ ವಿಳಾಸ ಬರೆದುಕೊಟ್ಟರು. ಅಲ್ಲಿ ಅವರು ಕೆಂಡೊ ಕಲಿಸುತ್ತಿದ್ದರು. ಬಿದಿರಿನ ಕತ್ತಿಯಿಂದ ಅಭ್ಯಾಸ ಮಾಡುವ ಜಪಾನಿ ಕತ್ತಿವರಸೆ ಅದು. ನಮಗೆ ಶುಕ್ರವಾರವೇ ವಾರದ ರಜೆ, ಪೂಜೆಗೆ ಹೋಗುವ ಇಗರ್ಜಿ ಇದ್ದದ್ದೂ ಊದ್ ಮೇಥಾದಲ್ಲೇ. ಪೂಜೆ ಮುಗಿಸಿ ಜೆಸ್ಸಿ, ಶೆರಲ್‌ರನ್ನು ಬಸ್ಸು ಹತ್ತಿಸಿ, ಹತ್ತು ನಿಮಿಷದಲ್ಲಿ ಕಲಿತು ಬಂದೇನು ಎಂದುಕೊಂಡು ಹೋದೆ. ದೂರಿನ ಭಯದಿಂದ ಹೋದದ್ದು, ಬೇರೆ ಯಾವ ಪುಣ್ಯದ ಉದ್ದೇಶವೂ ನನಗಿರಲಿಲ್ಲ.

ಹತ್ತು ನಿಮಿಷ ಆರು ತಿಂಗಳಾಯಿತು. ಹೇಗೆ ಎಂದು ಕೇಳಿದರೆ ನನಗೂ ಸರಿಯಾಗಿ ಹೇಳಲು ಬಾರದು. ಮೊದಲ ದಿನ ಅಲ್ಲಿ ಹತ್ತು ಹನ್ನೆರಡು ಜನ ಒದ್ದೆ ಬಟ್ಟೆ ಹಿಡಿದು ಬಾಗಿ ನೆಲ ಒರೆಸುತ್ತಾ ಓಡುತ್ತಿದ್ದರು. ಅವರಲ್ಲಿ ಒಬ್ಬ ಬ್ಯಾಂಕಿನ ದೊಡ್ಡ ಅಧಿಕಾರಿಯಂತೆ. ಮೊರಿಶಿತಾ ಕೂಡ ಒರೆಸುತ್ತಿದ್ದರು. ಒರೆಸುವುದು ನನಗೆ ಗೊತ್ತಿದ್ದ ವಿದ್ಯೆ, ನಾನೂ ಸೇರಿಕೊಂಡೆ. ಆಮೇಲೆ ಎಲ್ಲರೂ ಸಾಲಾಗಿ ಮಂಡಿಯೂರಿ ಕುಳಿತು ಕಣ್ಣು ಮುಚ್ಚಿದರು. ಮಂಡಿಯೂರುವುದು ಕ್ರೈಸ್ತನಿಗೆ ಏನು ಮಹಾ ಎಂದು ಕುಳಿತೆ. ಐದೇ ನಿಮಿಷಕ್ಕೆ ಪಾದಗಳು ನನ್ನವಲ್ಲ ಅನ್ನಿಸಿತು. ಕೊನೆಗೆ ಎಲ್ಲರೂ ತಲೆಬಾಗಿದಾಗ ನನ್ನ ಕೈ ತಾನಾಗಿ ಹಣೆಗೆ ಹೋಗಿ ಎದೆಗೆ ಬಂದು ಶಿಲುಬೆಯ ಗುರುತು ಮಾಡಿಬಿಟ್ಟಿತು. ನಾಚಿಕೆಯಾಯಿತು. ಮೊರಿಶಿತಾ ನೋಡಿದರು. ಆ ಅಭ್ಯಾಸ ಕೊನೆಯವರೆಗೂ ನನ್ನಿಂದ ಬಿಡಲಾಗಲಿಲ್ಲ, ಅವರೂ ಬಿಡಿಸಲಿಲ್ಲ.

ಒಂದು ತಿಂಗಳು ನಾನು ಕಲಿತದ್ದು ಪಾದ ಎತ್ತದೆ ಜಾರುವುದು, ಹಕಾಮಾ ಮಡಿಸುವುದು, ಇಷ್ಟೇ. ಬಿದಿರಿನ ಕತ್ತಿಯನ್ನು ನಿಜವಾದ ಅಲಗೆಂದೇ ಎಣಿಸಬೇಕು, ದಾಟಬಾರದು, ಊರುಗೋಲು ಮಾಡಬಾರದು. ಯಾರನ್ನೂ ಕೊಲ್ಲದ ಕತ್ತಿಗೆ ಇಷ್ಟೆಲ್ಲ ಮರ್ಯಾದೆ ಯಾಕೆ ಎಂದು ಕೇಳಿದಾಗ ಮೊರಿಶಿತಾ, ಕೊಲ್ಲುವ ಕತ್ತಿಗೆ ಮರ್ಯಾದೆ ಬೇಡ, ಭಯ ಸಾಕು ಎಂದರು. ಅವರ ಇಂಗ್ಲಿಷ್ ಕಡಿಮೆ, ಹಾಗಾಗಿ ಹೇಳಿದ್ದೆಲ್ಲ ನೆನಪಿನಲ್ಲಿ ಉಳಿಯುತ್ತಿತ್ತು. ಮಾರ್ಚಿನಲ್ಲಿ ನನಗೂ ಒಂದು ಹಳೆಯ ಹಕಾಮಾ ಸಿಕ್ಕಿತು. ಮನೆಯಲ್ಲಿ ಉಟ್ಟು ತೋರಿಸಿದೆ.

“ಡ್ಯಾಡಿ, ಯು ಲುಕ್ ಲೈಕ್ ಫಾದರ್” ಎಂದಳು ಶೆರಲ್. ಅವಳ ಪ್ರಕಾರ ಫಾದರ್ ಎಂದರೆ ಇಗರ್ಜಿಯ ಪಾದ್ರಿ. ಜೆಸ್ಸಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಆದರೂ ಲಾಂಡ್ರಿಯಲ್ಲಿ ಕೂಗಾಟ ಕಡಿಮೆಯಾಗಿದೆಯಂತೆ, ಈ ಜಪಾನಿ ಮದ್ದು ಮುಂದುವರಿಯಲಿ ಎಂದಳು.

ಕೂಗಾಟ ಕಡಿಮೆಯಾದದ್ದು ನಿಜ. ಅದು ಮದ್ದಿನ ಫಲವೇನೂ ಅಲ್ಲ. ಶೇಖರಣ್ಣನ ಎದುರು ದನಿ ಎತ್ತಲು ನನಗೆ ಮುಖ ಇರಲಿಲ್ಲ. ಅವರು ಮೊದಲಿನಂತೆಯೇ ಕೆಲಸ ಮಾಡುತ್ತಿದ್ದರು. ಒಂದೇ ಒಂದು ಬದಲಾವಣೆ. ನಾವಿಬ್ಬರೇ ಇದ್ದಾಗಲೂ ಈಗ ಸಾರ್ ಎನ್ನುತ್ತಿದ್ದರು, ಹಿಂದಿಯಲ್ಲಿ ಮಾತಾಡುತ್ತಿದ್ದರು. ತುಳು ನಿಂತೇ ಹೋಗಿತ್ತು. ಈಸ್ಟರಿಗೆ ಮುಂಚಿನ ಉಪವಾಸ ಕಾಲದಲ್ಲಿ ಪಾದ್ರಿಗಳ ಮುಂದೆ ಪಾಪ ಒಪ್ಪಿಕೊಂಡೆ. ಆ ಮನುಷ್ಯನಿಗೆ ಆದ ಅನ್ಯಾಯ ಸರಿಪಡಿಸು ಎಂದು ಅವರು ಹೇಳಿದರು. ಹಬ್ಬ ಕಳೆಯಲಿ ಎಂದುಕೊಂಡೆ. ಹಬ್ಬ ಕಳೆಯಿತು.

ಏಪ್ರಿಲ್ ಕೊನೆಗೆ, ಊರಿಗೆ ಮರಳಿದ ಯಾರೋ ಬಿಟ್ಟುಹೋದ ಕವಚ, ಮುಖವಾಡ ನನ್ನ ಪಾಲಿಗೆ ಬಂದವು. ಇನ್ನು ಎದುರಾಳಿಯೊಂದಿಗೆ ಆಡಬಹುದು. ಮೊದಲ ದಿನ ನನ್ನೆದುರು ಗ್ರೇಸ್ ಎಂಬ ಫಿಲಿಪೀನಿ ನರ್ಸ್, ನನ್ನ ಭುಜದಷ್ಟೇ ಎತ್ತರ. ಕತ್ತಿ ಎತ್ತಿದ್ದೇ ಕಾಣಲಿಲ್ಲ, ನೆತ್ತಿಯ ಮೇಲೆ ಟಪ್ ಎಂದು ಬಿತ್ತು. ನಾನು ಏನೂ ಆಗದವನಂತೆ ಮುಂದುವರಿದೆ. ಅವಳು ಕತ್ತಿ ಇಳಿಸಿ ಕಾಯುತ್ತಾ ನಿಂತಳು. ಯಾಕೆ ನಿಂತಳೆಂದು ನನಗೆ ತಿಳಿಯಲಿಲ್ಲ. ಆಮೇಲೆ ಮೊರಿಶಿತಾ ವಿವರಿಸಿದರು. ಪಂದ್ಯದಲ್ಲಿ ತೀರ್ಪುಗಾರರಿರುತ್ತಾರೆ, ಅಭ್ಯಾಸದಲ್ಲಿ ಯಾರೂ ಇರುವುದಿಲ್ಲ. ಪೆಟ್ಟು ಸರಿಯಾಗಿ ಬಿತ್ತೇ ಎಂದು ಹೇಳಬೇಕಾದವನು ಪೆಟ್ಟು ತಿಂದವನೇ. ಬಿದ್ದಿದ್ದರೆ ನಿಂತು, ಎದುರಿನವನಿಗೆ ಬಾಗಿ, ‘ಮಾಯಿರಿಮಾಶಿತಾ’ ಎನ್ನಬೇಕು. ನಾನು ಸೋತೆ ಎಂದು ಅರ್ಥ. ಗ್ರೇಸ್ ಕಾಯುತ್ತಿದ್ದದ್ದು ಅದಕ್ಕೆ.

ಪೆಟ್ಟು ಅಷ್ಟು ಜೋರಾಗಿ ಬೀಳಲಿಲ್ಲ ಎಂದೆ. ಅವರು ತಲೆಯಾಡಿಸಿದರು.

ಎರಡು ವಾರದ ಮೇಲೆ ನನ್ನ ಸರದಿ ಮೊರಿಶಿತಾರ ಜತೆಗೇ ಬಂತು. ಅವರನ್ನು ಮುಟ್ಟುವುದು ನಮ್ಮಂಥವರಿಂದ ಆಗುವ ಕೆಲಸವಲ್ಲ. ಹೊರಗೆ ಬಿಸಿಲು ಕುದಿಯುತ್ತಿತ್ತು, ಒಳಗೆ ಏಸಿ ಸಾಲುತ್ತಿರಲಿಲ್ಲ. ಬೆವರು ಕಣ್ಣಿಗಿಳಿದು ಏನೂ ಕಾಣದೆ ಸುಮ್ಮನೆ ಬೀಸಿದೆ. ಕತ್ತಿ ಅವರ ಮಣಿಕಟ್ಟಿನ ಮೇಲೆ ಸರಿಯಾಗಿ ಬಿತ್ತು. ಅವರು ತಕ್ಷಣ ಎರಡು ಹೆಜ್ಜೆ ಹಿಂದೆ ಸರಿದರು, ಕತ್ತಿ ಇಳಿಸಿದರು, ನನ್ನೆದುರು ಬಾಗಿದರು. ಇಡೀ ಸಭಾಂಗಣಕ್ಕೆ ಕೇಳುವಂತೆ ‘ಮಾಯಿರಿಮಾಶಿತಾ’ ಎಂದರು. ನಲವತ್ತು ವರ್ಷ ಕತ್ತಿ ಹಿಡಿದ ಮನುಷ್ಯ, ನಾಲ್ಕು ತಿಂಗಳ ಹಿಂದೆ ತನ್ನ ಹಕಾಮಾ ಹಾಳು ಮಾಡಿದ ಲಾಂಡ್ರಿಯವನಿಗೆ. ನಾನು ಮುಖವಾಡದೊಳಗೆ ಹಲ್ಲು ಬಿಟ್ಟು, ಎಲ್ಲರೂ ನೋಡಿದರೇ ಎಂದು ಸುತ್ತ ತಿರುಗಿ, ಮುಷ್ಟಿ ಎತ್ತಿದೆ. ಪಂದ್ಯವಾಗಿದ್ದರೆ ಈ ಅಂಕ ಈಗ ರದ್ದಾಗುತ್ತಿತ್ತು ಎಂದು ಅವರು ಶಾಂತವಾಗಿ ಹೇಳಿದರು. ಗೆದ್ದೆನೆಂದು ಕುಣಿದವನು ಎದುರಿಗಿರುವ ಮನುಷ್ಯನನ್ನು ಮರೆತಿರುತ್ತಾನಂತೆ.

ಮುಗಿದ ಮೇಲೆ ಇಬ್ಬರೂ ಮೂಲೆಯಲ್ಲಿ ಕುಳಿತು ಹಕಾಮಾ ಮಡಿಸುತ್ತಿದ್ದೆವು. ನನಗೆ ತಡೆಯಲಾಗಲಿಲ್ಲ. ನಾನು ಕಣ್ಣು ಮುಚ್ಚಿ ಬೀಸಿದ್ದು ಅದೃಷ್ಟಕ್ಕೆ ಬಿತ್ತು, ಅದಕ್ಕೆ ನೀವು ಯಾಕೆ ಬಾಗಬೇಕಿತ್ತು ಎಂದೆ.

“ನೀನು ಹೊಡೆದದ್ದು ಅದೃಷ್ಟ ಇರಬಹುದು” ಎಂದರು. “ನನಗೆ ಬಿದ್ದದ್ದು ಅದೃಷ್ಟವಲ್ಲ. ನಾನು ತೆರೆದುಕೊಂಡಿದ್ದೆ. ಅದು ನನಗೊಬ್ಬನಿಗೇ ಗೊತ್ತಿತ್ತು. ಅದಕ್ಕೇ ನಾನೇ ಹೇಳಬೇಕಿತ್ತು.”

ಹಿಂದಿನ ನೆರಿಗೆಯನ್ನು ಎರಡು ಬೆರಳಿನಿಂದ ನೇರ ಮಾಡುತ್ತಾ, ನನ್ನ ಬಟ್ಟೆಯನ್ನು ಮೆಷಿನ್ನಿಗೆ ಹಾಕಿದವನು ಹೇಗಿದ್ದಾನೆ ಎಂದು ಕೇಳಿದರು. ಚೆನ್ನಾಗಿದ್ದಾರೆ ಎಂದೆ. ಅವರಿಗೆ ಏನೂ ಗೊತ್ತಿರಲಿಲ್ಲ, ಸುಮ್ಮನೆ ವಿಚಾರಿಸಿದ್ದು. ಆದರೆ ಮನೆಗೆ ಬರುವಾಗ ಬಸ್ಸಿನಲ್ಲಿ ನನಗೆ ಕೂರಲಾಗಲಿಲ್ಲ, ಸೀಟಿದ್ದರೂ ನಿಂತೇ ಬಂದೆ.

ಮೇ ಮಧ್ಯದಲ್ಲಿ ತಾರಿಕ್ ಒಂದು ಫಾರಂ ಕಳಿಸಿದ. ಶೇಖರಣ್ಣನ ಕರಾರನ್ನು ಮುಂದುವರಿಸಬೇಕೇ ಬೇಡವೇ ಎಂಬುದಕ್ಕೆ ಸೂಪರ್‌ವೈಸರ್ ಅಭಿಪ್ರಾಯ ಬರೆಯಬೇಕು. ಕಾರಣದ ಜಾಗದಲ್ಲಿ ಜನವರಿಯ ನ್ಯಾಪ್ಕಿನ್ ವಿಷಯ ಅವನೇ ಟೈಪ್ ಮಾಡಿಸಿದ್ದ. ನನ್ನ ಸಹಿಯಷ್ಟೇ ಬಾಕಿ. ಮೂರು ದಿನ ಆ ಕಾಗದ ಮೇಜಿನ ಡ್ರಾವರಿನಲ್ಲಿತ್ತು. ಮೂರು ದಿನವೂ ಶೇಖರಣ್ಣ ಎದುರಿನಲ್ಲೇ ಓಡಾಡುತ್ತಿದ್ದರು. ನನ್ನ ಪರವಾಗಿ ಒಂದು ಮಾತು ಹೇಳಿ ಎಂದು ಅವರು ಕೇಳಿದ್ದರೆ ನನಗೆ ಹಗುರವಾಗುತ್ತಿತ್ತೇನೋ. ಕೇಳಲಿಲ್ಲ. ನಾಲ್ಕನೇ ದಿನ ಬೆಳಿಗ್ಗೆ ಫಾರಂ ಹಿಡಿದು ಮೇಲೆ ಹೋಗಿ ತಾರಿಕ್‌ನಿಗೆ ಎಲ್ಲ ಹೇಳಿದೆ. ಅವರು ಬೇಡ ಎಂದಿದ್ದರು, ಹಾಕಿಸಿದವನು ನಾನು ಎಂದೆ.

ತಾರಿಕ್ ಪೆನ್ನು ಕೆಳಗಿಟ್ಟ. ನಾಲ್ಕು ತಿಂಗಳು ಎಲ್ಲಿದ್ದೆ ಎಂದು ಕೇಳಿದ. ಕಾಗದದ ಮನುಷ್ಯ ಕಾಗದದ ಕೆಲಸವನ್ನೇ ಮಾಡಿದ. ಶೇಖರಣ್ಣನ ಲೆಟರನ್ನು ಫೈಲಿನಿಂದ ತೆಗೆಸಿ ಕರಾರು ಎರಡು ವರ್ಷ ಮುಂದುವರಿಸಿದ. ನನ್ನ ಹೆಸರಿಗೆ ಲೆಟರ್ ಬಂತು. ಸೂಪರ್‌ವೈಸರ್ ಪಟ್ಟ ಹೋಗಿ, ಕೋಣೆ ಕೋಣೆಗೆ ಹೋಗಿ ಅತಿಥಿಗಳ ಬಟ್ಟೆ ತಂದು ಕೊಡುವ ಕೆಲಸ ಸಿಕ್ಕಿತು. ಆ ಸಂಬಳಕ್ಕೆ ಫ್ಯಾಮಿಲಿ ವೀಸಾ ಉಳಿಯಲಿಲ್ಲ. ಜೂನ್ ಕೊನೆಗೆ ಶಾಲೆಗೆ ರಜೆ ಸಿಕ್ಕಿದಾಗ ಜೆಸ್ಸಿ ಶೆರಲ್‌ಳನ್ನು ಕರೆದುಕೊಂಡು ನಮ್ಮ ಊರು ಕಿನ್ನಿಗೋಳಿಗೆ ಹೋಗುವುದೆಂದು ತೀರ್ಮಾನವಾಯಿತು.

ಜೆಸ್ಸಿಗೆ ಹೇಳಿದ ಸಂಜೆ ಅವಳು ಅಡುಗೆಮನೆಯಲ್ಲಿ ಮೀನು ಕೊಯ್ಯುತ್ತಿದ್ದಳು. ಕೇಳಿಸಿಕೊಂಡು ಕತ್ತಿ ಕೆಳಗಿಟ್ಟಳು.

“ವೀಸಾ ಹೋಯಿತೆಂದು ನನಗೆ ಸಿಟ್ಟಿಲ್ಲ” ಎಂದಳು. “ನಾಲ್ಕು ತಿಂಗಳು ಇದನ್ನು ಹೊಟ್ಟೆಯಲ್ಲಿ ಇಟ್ಟುಕೊಂಡು ನನ್ನ ಪಕ್ಕದಲ್ಲಿ ಊಟ ಮಾಡಿದಿರಲ್ಲ, ಅದಕ್ಕೆ ಸಿಟ್ಟು.”

ಅವಳು ಅತ್ತಳು, ನಾನೂ ಅತ್ತೆ. ಆದರೂ ಶುಕ್ರವಾರ ಸಭಾಂಗಣಕ್ಕೆ ಹೋಗುವಾಗ ನನ್ನ ನಡಿಗೆಯಲ್ಲಿ ಒಂಥರಾ ಗತ್ತಿತ್ತು ಎಂದು ಈಗ ಒಪ್ಪಿಕೊಳ್ಳಬೇಕು. ನೆಲ ಒರೆಸಿದ ಮೇಲೆ ಮೊರಿಶಿತಾರನ್ನು ಬದಿಗೆ ಕರೆದು ಇಡೀ ಕಥೆ ಹೇಳಿದೆ, ಹೊಳೆಯ ಕಲ್ಲಿನ ಮಾತನ್ನೂ ಸೇರಿಸಿ. ಶಹಭಾಸ್ ಎನ್ನುತ್ತಾರೆಂದು ಕಾದೆ. ಯಾರಿಗೆ ಹೇಳಿದೆ ಎಂದು ಕೇಳಿದರು. ಮ್ಯಾನೇಜರಿಗೆ ಎಂದೆ.

“ಮ್ಯಾನೇಜರ್ ತೀರ್ಪುಗಾರ” ಎಂದರು. “ನಿನ್ನೆದುರು ನಿಂತಿದ್ದವನು ಯಾರು?”

ಅವತ್ತು ನನಗೆ ಕತ್ತಿ ಎತ್ತಲಾಗಲಿಲ್ಲ, ಗೋಡೆಯ ಬದಿ ಕುಳಿತು ಉಳಿದವರನ್ನು ನೋಡಿದೆ. ಪೆಟ್ಟು ತಿಂದ ಪ್ರತಿಯೊಬ್ಬರೂ ಹೊಡೆದವರ ಕಡೆಗೇ ತಿರುಗಿ ಬಾಗುತ್ತಿದ್ದರು.

ಮರುದಿನ ಪಾಳಿ ಬದಲಾಗುವ ಹೊತ್ತಿಗೆ ಲಾಂಡ್ರಿಗೆ ಇಳಿದೆ. ಎರಡೂ ಪಾಳಿಯವರು ಇದ್ದರು. ಜಪಾನಿಗರಂತೆ ಬಾಗಿದರೆ ನಾಟಕವಾಗುತ್ತಿತ್ತು, ಬಾಗಲಿಲ್ಲ. ಶೇಖರಣ್ಣ ಅಂಗಿಗಳ ಕಾಲರಿಗೆ ಸೋಪು ಹಚ್ಚುತ್ತಿದ್ದರು. ಅವರ ಎದುರು ಹೋಗಿ ನಿಂತೆ. ಬೈದದ್ದು ಹಿಂದಿಯಲ್ಲಿ, ಹಾಗಾಗಿ ಇದನ್ನೂ ಹಿಂದಿಯಲ್ಲೇ ಹೇಳಬೇಕಿತ್ತು. ಆ ನೀಲಿ ಬಟ್ಟೆ ಹಾಕಿಸಿದ್ದು ನಾನು, ಇವರು ಬೇಡ ಎಂದಿದ್ದರು ಎಂದೆ. ಇವರ ಅಪ್ಪ ಮಾಡಿದ ಕೆಲಸವನ್ನು ಎತ್ತಿ ನಿಮ್ಮೆಲ್ಲರ ಎದುರು ಹೀನಾಯವಾಗಿ ಮಾತಾಡಿದೆ, ಆ ಕೆಲಸ ಇವರಷ್ಟು ಬಲ್ಲವರು ಇಲ್ಲಿ ಯಾರೂ ಇಲ್ಲ, ನಾನಂತೂ ಅಲ್ಲ ಎಂದೆ. ಯಾರೋ ಒಂದು ಮೆಷಿನ್ ನಿಲ್ಲಿಸಿದರು. ಶೇಖರಣ್ಣ ಕೈಯಲ್ಲಿದ್ದ ಕಾಲರನ್ನು ಪೂರ್ತಿ ಉಜ್ಜಿ ಮುಗಿಸಿದರು. ಆಮೇಲೆ ತಲೆ ಎತ್ತಿ, ಆಯ್ತು ಸಾರ್ ಎಂದರು. ಅಷ್ಟೇ. ನಾನು ಬಟ್ಟೆಯ ಗಾಡಿ ತಳ್ಳಿಕೊಂಡು ಮೇಲೆ ಹೋದೆ.

ಹತ್ತು ಗಂಟೆಯ ಚಾಯಕ್ಕೆ ಸರಕಿನ ಲಾರಿಗಳು ಬಂದು ನಿಲ್ಲುವ ಹಿಂಬದಿಯ ಮೆಟ್ಟಿಲಲ್ಲಿ ಕುಳಿತಿದ್ದೆ. ಬಿಸಿಲಿನ ಝಳ ಮುಖಕ್ಕೆ ಹೊಡೆಯುತ್ತಿತ್ತು. ಶೇಖರಣ್ಣ ಎರಡು ಲೋಟ ಹಿಡಿದು ಬಂದು ಪಕ್ಕದಲ್ಲಿ ಕುಳಿತರು. ಚಾಯ ಅರ್ಧ ಆದ ಮೇಲೆ ಜನವರಿಯಿಂದ ಮೊದಲ ಬಾರಿಗೆ ತುಳುವಿನಲ್ಲಿ ಮಾತಾಡಿದರು.

“ಪೊರ್ಬುಲೇ, ನೀವು ಹಾಕಿ ಅಂತ ಹೇಳಿದ್ದು ಹೌದು. ಬಿಸಿನೀರು ಬಿಡಿ ಅಂತ ಹೇಳಲಿಲ್ಲ.”

ನನಗೆ ಅರ್ಥವಾಗಲಿಲ್ಲ.

“ಹೊಸ ನ್ಯಾಪ್ಕಿನ್ನಿಗೆ ತಣ್ಣೀರೇ ಸಾಕಿತ್ತು. ತಣ್ಣೀರಲ್ಲಿ ಸಣ್ಣಕ್ಕೆ ಬಿಡ್ತಿತ್ತು ಬಣ್ಣ, ಎರಡು ಒಗೆತಕ್ಕೆ ತೆಗೀಬಹುದಿತ್ತು. ನೀವು ಅಪ್ಪನ ಸುದ್ದಿ ಎತ್ತಿದಿರಲ್ಲ. ಹೋಗಲಿ ಎಲ್ಲ ಅಂತ ನಾನೇ ಬಿಸಿನೀರಿನ ಗುಂಡಿ ಒತ್ತಿದ್ದು.” ಲೋಟದ ತಳದ ಚಾಯವನ್ನು ನೆಲಕ್ಕೆ ಚೆಲ್ಲಿದರು. “ಅಪ್ಪ ಇದ್ದಿದ್ದರೆ ನಿಮ್ಮ ಮಾತಿಗೆ ಬೇಸರ ಮಾಡ್ತಿರಲಿಲ್ಲ. ಗೊತ್ತಿದ್ದೂ ಬಟ್ಟೆ ಹಾಳು ಮಾಡಿದೆ ಅಂತ ನನಗೆ ಬೈತಿದ್ದರು.”

ನಾಲ್ಕು ತಿಂಗಳು ಅವರು ಬಾಯಿ ಬಿಡದೆ ಇದ್ದದ್ದು ನನ್ನ ಮೇಲಿನ ಕರುಣೆಯಿಂದ ಎಂದೋ, ಬಡವನ ಭಯದಿಂದ ಎಂದೋ ನಾನು ಎಣಿಸಿ ಎಣಿಸಿ ಕುಗ್ಗಿದ್ದೆ. ಅವರದೂ ಒಂದು ಮಾತು ಒಳಗೆ ಕುಳಿತಿತ್ತು ಎಂದು ಹೊಳೆದಿರಲೇ ಇಲ್ಲ. ನಾನು ಎದುರು ನಿಂತು ನನ್ನದನ್ನು ಹೇಳದಿದ್ದರೆ ಅವರದು ಎಂದೂ ಹೊರಗೆ ಬರುತ್ತಿರಲಿಲ್ಲ. ಅವರ ಕಡೆಗೆ ಕೈ ಚಾಚಿದೆ. ಅವರು ತಮ್ಮ ಒದ್ದೆ ಕೈಯನ್ನು ಪ್ಯಾಂಟಿಗೆ ಒರೆಸಿ ನನ್ನ ಕೈ ಹಿಡಿದರು. ತಾರಿಕ್‌ನ ಕಿವಿಗೆ ಹಾಕುವ ಪ್ರಶ್ನೆಯೇ ಬರಲಿಲ್ಲ. ಅದು ತೀರ್ಪುಗಾರನಿಗೆ ಸಂಬಂಧವಿಲ್ಲದ ವಿಷಯ.

ಜೆಸ್ಸಿ, ಶೆರಲ್ ಜೂನ್ ಕೊನೆಗೆ ಹೊರಟರು. ಬಿಡಲು ಏರ್‌ಪೋರ್ಟಿಗೆ ಶೇಖರಣ್ಣನೂ ಬಂದಿದ್ದರು, ಪೆಟ್ಟಿಗೆಗೆ ಹಗ್ಗ ಕಟ್ಟಿದ್ದು ಅವರೇ. ಮೊರಿಶಿತಾ ಆ ವರ್ಷವೇ ಕೆಲಸ ಮುಗಿಸಿ ಜಪಾನಿಗೆ ಮರಳಿದರು. ಹೆಂಡತಿ ಮಗಳನ್ನು ಬಿಟ್ಟು ಎರಡು ವರ್ಷ ಒಬ್ಬನೇ ಬ್ಯಾಚುಲರ್ ಕೋಣೆಯಲ್ಲಿದ್ದೆ. ಸುಲಭವಾಗಿರಲಿಲ್ಲ. ಶೆರಲ್ ಕನ್ನಡ ಕಲಿತದ್ದೊಂದು ಲಾಭ. ಶೇಖರಣ್ಣನ ಮಗಳು ಓದು ಮುಗಿಸಿ ಈಗ ಉಡುಪಿಯ ಆಸ್ಪತ್ರೆಯೊಂದರಲ್ಲಿದ್ದಾಳೆ. ಅವರೂ ಊರಿಗೆ ಬಂದು ಕೆಲವು ವರ್ಷವಾಯಿತು.

ಇದನ್ನು ಬರೆಯಲು ಕುಳಿತಾಗ ಒಂದು ಅಳುಕು ಬಂತು. ನನ್ನ ತಪ್ಪು ಬರೆಯಲು ನನಗೆ ಹಕ್ಕಿದೆ, ಅವರು ಮೆಟ್ಟಿಲ ಮೇಲೆ ಹೇಳಿದ್ದನ್ನು ಬರೆಯಲು ಇಲ್ಲ. ನಿನ್ನೆ ಫೋನ್ ಮಾಡಿ ವಿಷಯ ತಿಳಿಸಿದೆ. ನನ್ನದನ್ನೆಲ್ಲ ಬರೆದಿದ್ದೇನೆ ಶೇಖರಣ್ಣ, ನಿಮ್ಮದನ್ನು ಬಿಡುತ್ತೇನೆ ಎಂದೆ.

“ಬಿಸಿನೀರಿನದ್ದೂ ಬರೀರಿ ಪೊರ್ಬುಲೇ” ಎಂದರು.